ಕಡಲ ಗಾಳಿ, ಬಂದರು ಮತ್ತು ಕುದುರೆಮುಖದ ಪಾಠ

ಮಲೆನಾಡಿನ ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಬಂದರಿನ ನಿರ್ಮಾಣದ ವಿಚಾರಕ್ಕೆ ಏನು ಸ್ಥಾನ ಎಂಬ ಸಂದೇಹ ಓದುಗರಲ್ಲಿ ಮೂಡುವುದು ಸಹಜ. ಕಡಲು ಘಟ್ಟದ ಕೆಳಗಿನದು. ಕಾಫಿ, ಮೆಣಸು, ಏಲಕ್ಕಿಗಳು ಘಟ್ಟದ ಮೇಲಿನವು. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬದುಕನ್ನು ಕಡಲಿನಿಂದ ಬೇರ್ಪಡಿಸಿ ನೋಡುವಂತಿಲ್ಲ. ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯೇ ಈ ಸೀಮೆಯ ಮುಖ್ಯ ಬೆಳೆಯು ಕಡಲನ್ನು ದಾಟಿ ಬಂದುದೆಂಬುದನ್ನು ಸಾರುತ್ತದೆ. ಹಾಗೆ ಬಂದ ಬೆಳೆಯು ಮರಳಿ ಕಡಲನ್ನು ದಾಟಿಯೇ ಹಣವಾಗುತ್ತದೆ. ಭಾರತದ ಕಾಫಿಯ ಬಹುಭಾಗವು ಇಂದಿಗೂ ಪರದೇಶಗಳಿಗೆ ರಫ್ತಾಗುವಂಥದು. ಕಣದಲ್ಲಿ ಒಣಗಿದ ಕಾಫಿಯ ಮೂಟೆ ಚಾರ್ಮಾಡಿ ಅಥವಾ ಶಿರಾಡಿಯ ತಿರುವುಗಳನ್ನು ಇಳಿದು ಹಡಗಿನ ಬಳಿಗೆ ತಲುಪದ ಹೊರತು ಬೆಳೆಗಾರನ ವರ್ಷದ ಲೆಕ್ಕ ಮುಗಿಯುವುದಿಲ್ಲ.

ಅಷ್ಟೇ ಅಲ್ಲ, ಕಡಲ ಗಾಳಿಗೆ ಬೆಲೆಯುಂಟೆಂಬುದನ್ನು ಕಾಫಿಯ ವ್ಯಾಪಾರವು ಬಹು ಹಿಂದೆಯೇ ಕಂಡುಕೊಂಡಿದೆ. ಹಾಯಿ ಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಯಿಂದ ಹೊರಟ ಕಾಫಿಯು ಆಫ್ರಿಕದ ತುದಿಯನ್ನು ಬಳಸಿಕೊಂಡು ಯೂರೋಪನ್ನು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆ ಪ್ರಯಾಣದಲ್ಲಿ ಬೀಜವು ತೇವದ ಕಡಲ ಗಾಳಿಯನ್ನುಂಡು ಉಬ್ಬಿ, ಹಳದಿಗೆ ತಿರುಗಿ, ಹುಳಿಯನ್ನು ಕಳೆದುಕೊಂಡು ಬೇರೊಂದು ರುಚಿಯನ್ನು ಪಡೆಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಹಾಯಿಯ ಸ್ಥಾನಕ್ಕೆ ಉಗಿ ಹಡಗು ಬಂದ ಮೇಲೆ ಪ್ರಯಾಣ ಕಿರಿದಾಯಿತು. ಆ ರುಚಿಗೆ ಒಗ್ಗಿದ್ದ ಗಿರಾಕಿಗಳು ಅದನ್ನೇ ಬೇಡತೊಡಗಿದರು. ಆಗ ಮಂಗಳೂರಿನಂಥ ಕರಾವಳಿಯ ಊರುಗಳ ಕ್ಯೂರಿಂಗ್ ಕೇಂದ್ರಗಳಲ್ಲಿ ಮಳೆಗಾಲದ ಗಾಳಿಗೆ ಕಾಫಿಯನ್ನು ಹರವಿ ಅದೇ ಗುಣವನ್ನು ಬರಿಸುವ ಕ್ರಮ ನೆಲೆಗೊಂಡಿತು. ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಾಫಿ ಅದೇ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬೀಸುವ ಆ ಗಾಳಿಯಿಂದ ಇಂದು ವಿದ್ಯುತ್ತನ್ನು ಪಡೆಯುವ ಮಾತು ನಡೆದಿದೆ. ಈ ಮಾತಿನ ಹಿಂದೆ ಬಂದರಿನ ಮಾತಿದೆ. ಬಂದರಿನ ಮಾತಿನ ಹಿಂದೆ ಘಟ್ಟದ ಮಾತಿದೆ. ಇದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಕಡಲ ಗಾಳಿಯ ವಿದ್ಯುತ್ತಿಗೆ ಬಂದರೇಕೆ?

ಕಡಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವ ಪ್ರಯತ್ನವು ಮೊತ್ತಮೊದಲು ನಡೆದದ್ದು ಡೆನ್ಮಾರ್ಕ್ ದೇಶದಲ್ಲಿ. 1991ರಲ್ಲಿ ವಿಂಡೆಬಿ ಎಂಬಲ್ಲಿ 11 ಯಂತ್ರಗಳನ್ನು ಸ್ಥಾಪಿಸಲಾಯಿತು. ಅವೆಲ್ಲವೂ ಸೇರಿ 5 ಮೆಗಾವಾಟ್ ಮಾತ್ರ. ಇಂದು ಒಂದೇ ಯಂತ್ರವು 15 ಮೆಗಾವಾಟ್ ಶಕ್ತಿಯನ್ನು ಉತ್ಪಾದಿಸಬಲ್ಲ ಮಟ್ಟಕ್ಕೆ ತಂತ್ರವಿದ್ಯೆ ಬೆಳೆದಿದೆ. ಯಂತ್ರ ಬೆಳೆದಂತೆ ಅದರ ಅಂಗಾಂಗಗಳೂ ಬೆಳೆದಿವೆ. ಒಂದೊಂದು ರೆಕ್ಕೆಯ ಉದ್ದ 100 ಮೀಟರನ್ನು ಮೀರುತ್ತದೆ. ಗೋಪುರವನ್ನು ಹೊರಲು ಕಡಲ ತಳಕ್ಕೆ ಹೊಡೆಯುವ ಉಕ್ಕಿನ ಕೊಳವೆಯ ತೂಕ 1,000 ಟನ್ನನ್ನೂ ಮೀರುವುದುಂಟು. ಇಂಥ ವಸ್ತುಗಳು ಯಾವ ರಸ್ತೆಯಲ್ಲಿಯೂ ಸಾಗಲಾರವು. ಚಾರ್ಮಾಡಿಯ ತಿರುವುಗಳಲ್ಲಿ ಉದ್ದನೆಯ ಲಾರಿಯೊಂದು ಹಿಂದೆಮುಂದೆ ಮಾಡುತ್ತ ಇಡೀ ದಾರಿಯನ್ನು ತಡೆದು ನಿಲ್ಲಿಸುವುದನ್ನು ಕಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದುದರಿಂದ ಇವು ಬಂದರಿನ ಅಂಚಿನಲ್ಲಿಯೇ ತಯಾರಾಗಬೇಕು, ಇಲ್ಲವೇ ಬೇರೊಂದು ಬಂದರಿನಿಂದ ಹಡಗಿನಲ್ಲಿ ಬರಬೇಕು. ಬಂದ ಮೇಲೆ ಅವುಗಳನ್ನು ಸಾಲಾಗಿ ಮಲಗಿಸಿಡಲು ವಿಶಾಲವಾದ ಬಯಲು ಬೇಕು. ಅವುಗಳ ಭಾರವನ್ನು ತಾಳಿಕೊಳ್ಳುವ ಗಟ್ಟಿಯಾದ ಧಕ್ಕೆ ಬೇಕು. ಆಳವಾದ ನೀರು ಬೇಕು. ಹಡಗಿನ ದಾರಿಗೆ ಅಡ್ಡವಾಗಿ ಸೇತುವೆಯಾಗಲಿ ತಂತಿಯಾಗಲಿ ಇರಬಾರದು. ಸಾಮಾನ್ಯ ಸರಕಿಗಾಗಿ ಕಟ್ಟಿದ ಧಕ್ಕೆಗಳಲ್ಲಿ ಈ ಎಲ್ಲ ಅನುಕೂಲಗಳೂ ಒಟ್ಟಿಗೆ ದೊರೆಯುವುದು ವಿರಳ. ಯಂತ್ರಗಳು ನಿಂತ ಬಳಿಕವೂ ಸುಮಾರು 25 ವರ್ಷಗಳ ಕಾಲ ಅವುಗಳ ದುರಸ್ತಿಗೆ ಹೋಗಿಬರುವ ದೋಣಿಗಳಿಗೆ ನೆಲೆ ಬೇಕು. ಹೀಗೆ ಕಡಲ ಗಾಳಿಯ ಯೋಜನೆಯೆಂದರೆ ಅರ್ಧಪಾಲು ಬಂದರಿನ ಯೋಜನೆಯೇ ಆಗಿರುತ್ತದೆ.

ಭಾರತ ಸರ್ಕಾರವು ಕಡಲ ಗಾಳಿಯ ಬಗೆಗಿನ ರಾಷ್ಟ್ರೀಯ ನೀತಿಯನ್ನು 2015ರಲ್ಲಿ ಪ್ರಕಟಿಸಿತು. ಗುಜರಾತ್ ಮತ್ತು ತಮಿಳುನಾಡುಗಳ ಕಡಲುಗಳನ್ನು ಮೊದಲ ಹೆಜ್ಜೆಗೆ ಆರಿಸಲಾಯಿತು. 2024ರ ಜೂನ್ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟವು ಈ ಎರಡು ರಾಜ್ಯಗಳ ಕಡಲಿನಲ್ಲಿ ತಲಾ 500 ಮೆಗಾವಾಟ್ ಸ್ಥಾಪನೆಗಾಗಿ ಒಟ್ಟು 7,453 ಕೋಟಿ ರೂಪಾಯಿಗಳ ಸಹಾಯಧನ ಯೋಜನೆಗೆ ಒಪ್ಪಿಗೆಯಿತ್ತಿತು. ಇದರಲ್ಲಿ 600 ಕೋಟಿ ರೂಪಾಯಿ ಎರಡು ಬಂದರುಗಳನ್ನು ಸಜ್ಜುಗೊಳಿಸಲು ಮೀಸಲು. ಆ ನಿರ್ಧಾರದ ವೇಳೆಗೆ ಭಾರತದ ಕಡಲಿನಲ್ಲಿ ಒಂದು ಗಾಳಿಯಂತ್ರವೂ ತಿರುಗುತ್ತಿರಲಿಲ್ಲವಾದರೂ ಬಂದರಿನ ವೆಚ್ಚವನ್ನು ಪ್ರತ್ಯೇಕವಾಗಿ ಎತ್ತಿಟ್ಟದ್ದು ವಿವೇಕದ ಕೆಲಸವೇ ಸರಿ.

ಕರ್ನಾಟಕದ ಕಡಲು ಈ ಮೊದಲ ಪಟ್ಟಿಯಲ್ಲಿಲ್ಲ. ಇಲ್ಲಿ ಗಾಳಿಯು ಮುಂಗಾರಿನ ತಿಂಗಳುಗಳಲ್ಲಿ ಪ್ರಬಲವಾಗಿದ್ದು ಉಳಿದ ಕಾಲದಲ್ಲಿ ಕ್ಷೀಣಿಸುತ್ತದೆ. ಹಾಗಿದ್ದರೂ ಪಶ್ಚಿಮ ಕರಾವಳಿಯಲ್ಲಿ ಈ ಉದ್ಯಮ ಬೇರೂರಿದರೆ ಸುಸಜ್ಜಿತವಾದ ನವಮಂಗಳೂರು ಬಂದರಿನ ಹೆಸರು ಮುಂದೆ ಬರುವುದು ಸಂಭವನೀಯ. ಯಂತ್ರದ ಭಾಗಗಳನ್ನು ಇಲ್ಲಿ ತಯಾರಿಸಿ ಬೇರೆಡೆಗೆ ಸಾಗಿಸುವುದಕ್ಕೆ ಕರ್ನಾಟಕದ ಕಡಲಿನಲ್ಲಿಯೇ ಗಾಳಿ ಬೀಸಬೇಕೆಂಬ ನಿರ್ಬಂಧವೇನೂ ಇಲ್ಲ. ಆ ದಿನ ಬಂದಾಗ ಯೋಜಕರು ಯಾವ ಅನುಭವವನ್ನು ಎದುರಿಗಿಟ್ಟುಕೊಳ್ಳಬೇಕು? ದೂರದ ದೇಶಗಳ ಕಡೆಗೆ ನೋಡುವ ಮೊದಲು ಕಳಸದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕುದುರೆಮುಖದ ಕಡೆಗೆ ಒಮ್ಮೆ ನೋಡುವುದು ಉಚಿತ.

ಪಣಂಬೂರು ಮತ್ತು ಕುದುರೆಮುಖ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯಲ್ಲಿದೆ. ಅಳಿವೆಯ ಮರಳಿನ ದಿಣ್ಣೆಯಿಂದಾಗಿ ದೊಡ್ಡ ಹಡಗುಗಳು ಒಳಗೆ ಬರಲಾರದೆ ಹೊರಗಿನ ಕಡಲಿನಲ್ಲಿಯೇ ಲಂಗರು ಹಾಕುತ್ತಿದ್ದುವು. ಮಳೆಗಾಲದಲ್ಲಿ ವ್ಯವಹಾರವೇ ನಿಂತುಹೋಗುತ್ತಿತ್ತು. ಎಲ್ಲ ಋತುಗಳಿಗೂ ಒದಗುವ ಬಂದರೊಂದು ಬೇಕೆಂದು ಹೋರಾಡಿದವರಲ್ಲಿ ಉಳ್ಳಾಲ ಶ್ರೀನಿವಾಸ ಮಲ್ಯರು ಅಗ್ರಗಣ್ಯರು. 1962ರಲ್ಲಿ ಪಣಂಬೂರಿನಲ್ಲಿ ಕೆಲಸ ಪ್ರಾರಂಭವಾಯಿತು. ನೆಲವನ್ನು ಅಗೆದು ಒಳಗಡೆಗೆ ಕೆರೆಯಂತೆ ಬಂದರನ್ನು ರೂಪಿಸಿ, ಅದರ ಬಾಯಿಗೆ ಕಡಲಿನೊಳಕ್ಕೆ ಅಲೆತಡೆ ಗೋಡೆಗಳನ್ನು ಕಟ್ಟಲಾಯಿತು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಪಣಂಬೂರಿನ ಸುತ್ತಣ ಕುಟುಂಬಗಳು ಮನೆಮಠಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸ ಬಾಳನ್ನು ಕಟ್ಟಿಕೊಳ್ಳಬೇಕಾಯಿತೆಂಬುದೂ ಇದೇ ಚರಿತ್ರೆಯ ಒಂದು ಪುಟ.

ಬಂದರನ್ನು ಕಟ್ಟಿದರೆ ಸಾಲದು, ಅದಕ್ಕೆ ಸರಕು ಬೇಕು. ಆ ಸರಕು ಘಟ್ಟದ ಮೇಲಿತ್ತು. ಕುದುರೆಮುಖದ ಕಬ್ಬಿಣದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಷ್ಟು ಹಿಂದೆಯೇ ಗುರುತಿಸಿದ್ದರು. ಅದು ಕಬ್ಬಿಣದ ಅಂಶ ಕಡಮೆಯಿದ್ದ ಅದಿರು. ಅರೆದು, ಅಂಶವನ್ನು ಹೆಚ್ಚಿಸಿ, ನೀರಿನೊಡನೆ ಬೆರಸಿ ಸಾಗಿಸಬೇಕಾದಂಥದು. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಯಿತು. 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರನ್ನು ಕೊಳ್ಳುವುದಾಗಿಯೂ ಯೋಜನೆಗೆ ಸಾಲ ಒದಗಿಸುವುದಾಗಿಯೂ ಇರಾನ್ ಮಾತು ಕೊಟ್ಟಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಗೊಂಡಿತು. ಗಣಿ, ಅದಿರನ್ನು ಅರೆಯುವ ಸ್ಥಾವರ, ತ್ಯಾಜ್ಯವನ್ನು ತಡೆದಿಡಲು ಲಕ್ಯಾ ಹೊಳೆಗೆ ಅಣೆಕಟ್ಟು, ನೌಕರರಿಗೆ ಊರು, ಘಟ್ಟವನ್ನಿಳಿದು ಪಣಂಬೂರಿಗೆ ಹೋಗುವ 67 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ, ಬಂದರಿನಲ್ಲಿ ಅದಿರಿಗೆಂದೇ ಆಳವಾದ ಧಕ್ಕೆ ಮತ್ತು ತುಂಬುವ ಯಂತ್ರಗಳು, ಇವೆಲ್ಲವೂ ಕೆಲವೇ ವರ್ಷಗಳಲ್ಲಿ ಎದ್ದುನಿಂತುವು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಸ್ಥಳದಲ್ಲಿ ಇದನ್ನು ಸಾಧಿಸಿದ ಎಂಜಿನಿಯರುಗಳ ಮತ್ತು ಕಾರ್ಮಿಕರ ಸಾಮರ್ಥ್ಯವನ್ನು ಮೆಚ್ಚದಿರಲಾಗದು.

ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಸ್ಥಾವರವು 1980ರಲ್ಲಿ ಸಿದ್ಧವಾಗುವ ಹೊತ್ತಿಗೆ ಅದಿರನ್ನು ಕೊಳ್ಳಬೇಕಾದ ಗಿರಾಕಿಯೇ ಹಿಂದೆ ಸರಿದಿದ್ದನು. ವರ್ಷಕ್ಕೆ 75 ಲಕ್ಷ ಟನ್ ಉತ್ಪಾದಿಸುವ ಸಾಮರ್ಥ್ಯದ ಸ್ಥಾವರಕ್ಕೆ ಹೊಸ ಗಿರಾಕಿಗಳನ್ನು ಹುಡುಕಬೇಕಾಗಿ ಬಂತು. ಹಲವು ವರ್ಷಗಳ ಪ್ರಯಾಸದಿಂದ ಅವರು ದೊರೆತರು. 1987ರಲ್ಲಿ ಮಂಗಳೂರಿನಲ್ಲಿ ಅದಿರನ್ನು ಉಂಡೆ ಕಟ್ಟುವ ಕಾರ್ಖಾನೆಯೂ ಬಂತು. ಅದೇ ಕಾಲದಲ್ಲಿ ಕುದುರೆಮುಖದ ಕಾಡಿಗೆ ರಾಷ್ಟ್ರೀಯ ಉದ್ಯಾನದ ಸ್ಥಾನ ಪ್ರಾಪ್ತವಾಯಿತು. ತುಂಗಾ, ಭದ್ರಾ, ನೇತ್ರಾವತಿಗಳ ಉಗಮದ ಸೀಮೆಯಲ್ಲಿ ಬೆಟ್ಟವನ್ನು ಅಗೆಯುವುದರ ಫಲವೇನು ಎಂಬ ಪ್ರಶ್ನೆ ಬಲವಾಯಿತು. ಭದ್ರೆಯ ನೀರಿನಲ್ಲಿ ಬೆರೆತ ಹೂಳು ಕೆಳಗಣ ರೈತರ ಕಣ್ಣಿಗೆ ಬಿತ್ತು. 1969ರಲ್ಲಿ 30 ವರ್ಷಗಳಿಗೆ ಕೊಟ್ಟಿದ್ದ ಗುತ್ತಿಗೆಯ ಅವಧಿ 1999ರಲ್ಲಿ ತೀರಿತು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲಬೇಕೆಂದು ವಿಧಿಸಿತು. ಅಂತೆಯೇ ಅದು ನಿಂತಿತು.

ಈ ಚರಿತ್ರೆಯಿಂದ ಗ್ರಹಿಸಬೇಕಾದ ಸಂಗತಿ ಯಾವುದು? ಗಣಿ ಬೇಕಿತ್ತೇ ಬೇಡವಾಗಿತ್ತೇ ಎಂಬ ವಾದವನ್ನು ಇಲ್ಲಿ ಎತ್ತಬೇಕಾಗಿಲ್ಲ. ಅದು ಸಾವಿರಾರು ಕುಟುಂಬಗಳಿಗೆ ಅನ್ನವಿತ್ತಿತು, ಶಾಲೆ ಆಸ್ಪತ್ರೆಗಳನ್ನು ತಂದಿತು, ಕಳಸದ ಕಡೆಯವರು ಕಾರ್ಕಳ ಮಂಗಳೂರುಗಳಿಗೆ ಹೋಗುವ ದಾರಿಯನ್ನು ಸುಗಮಗೊಳಿಸಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಗಮನಿಸಬೇಕಾದ ಅಂಶ ಬೇರೆ. ಗಣಿ ನಿಂತ ಮೇಲೆ ಪಣಂಬೂರಿನ ಬಂದರು ನಿಲ್ಲಲಿಲ್ಲ. ಅಷ್ಟರಲ್ಲಿ ಅಲ್ಲಿಗೆ ಕಚ್ಚಾ ತೈಲ ಬಂದಿತ್ತು, ರಸಗೊಬ್ಬರ ಬಂದಿತ್ತು, ಅಡುಗೆ ಅನಿಲ ಬಂದಿತ್ತು. ಮುಂದೆ ಕಲ್ಲಿದ್ದಲು ಬಂತು, ಕಾಫಿ ಗೋಡಂಬಿಗಳ ಕಂಟೇನರುಗಳು ಹೆಚ್ಚಿದುವು. ಘಟ್ಟದ ಮೇಲಿನ ತುದಿಗೆ ಮಾತ್ರ ಅಂಥ ಅವಕಾಶವಿರಲಿಲ್ಲ. ಕುದುರೆಮುಖದ ಊರು ಬರಿದಾಯಿತು. ಅಂಗಡಿ ಮುಂಗಟ್ಟುಗಳು ಮುಚ್ಚಿದುವು. ಲಕ್ಯಾ ಅಣೆಕಟ್ಟು ಮಾತ್ರ ತನ್ನೊಡಲಿನ ಹೂಳನ್ನು ಹೊತ್ತು ನಿಂತಿದೆ, ಮತ್ತು ಪ್ರತಿ ಮಳೆಗಾಲದಲ್ಲಿಯೂ ಅದರ ಮೇಲ್ವಿಚಾರಣೆ ಯಾರಾದರೂ ಮಾಡಲೇಬೇಕಾದ ಕೆಲಸವಾಗಿ ಉಳಿದಿದೆ. ಒಂದೇ ಯೋಜನೆಯ ಎರಡು ತುದಿಗಳಲ್ಲಿ ಒಂದು ಗಿರಾಕಿಯನ್ನು ಬದಲಾಯಿಸಿಕೊಂಡು ಬದುಕಿತು. ಇನ್ನೊಂದಕ್ಕೆ ಬದಲಾಯಿಸಿಕೊಳ್ಳಲು ಏನೂ ಇರಲಿಲ್ಲ. ಯೋಜನೆಯನ್ನು ಬರೆದಾಗ ‘ಇದು ಮುಗಿದ ಮೇಲೆ ಏನು?’ ಎಂಬ ಪ್ರಶ್ನೆಯನ್ನು ಬೆಟ್ಟದ ಪರವಾಗಿ ಕೇಳುವವರು ಇರಲಿಲ್ಲವೆಂಬುದೇ ಇದರ ಅರ್ಥ.

ಹೊರದೇಶಗಳ ಎರಡು ಬಂದರುಗಳು

ಇದೇ ಪಾಠವನ್ನು ಗಾಳಿಯ ಉದ್ಯಮದ ಇತಿಹಾಸವೂ ಬೋಧಿಸುತ್ತದೆ. ಡೆನ್ಮಾರ್ಕಿನ ಎಸ್ಬೆರ್ಗ್ ಒಂದು ಕಾಲಕ್ಕೆ ಮೀನುಗಾರಿಕೆಯ ಬಂದರಾಗಿತ್ತು. ಉತ್ತರ ಸಮುದ್ರದಲ್ಲಿ ತೈಲ ದೊರೆತಾಗ ಅದು ತೈಲ ಬಾವಿಗಳಿಗೆ ಸಾಮಗ್ರಿ ಒದಗಿಸುವ ಬಂದರಾಯಿತು. 2002ರಲ್ಲಿ ಹಾರ್ನ್ಸ್ ರೆವ್ ಎಂಬಲ್ಲಿ 80 ಗಾಳಿಯಂತ್ರಗಳನ್ನು ನಿಲ್ಲಿಸುವ ಕೆಲಸಕ್ಕೆ ಅದೇ ನೆಲೆಯಾಗಿ, ಕ್ರಮೇಣ ಯೂರೋಪಿನ ಪ್ರಮುಖ ಗಾಳಿ ಬಂದರುಗಳಲ್ಲಿ ಒಂದೆನಿಸಿತು. ಹಳೆಯದನ್ನು ತೊರೆಯದೆ ಹೊಸದನ್ನು ಹಂತಹಂತವಾಗಿ ಸೇರಿಸಿಕೊಂಡದ್ದು ಅದರ ಬಲ.

ಜರ್ಮನಿಯ ಬ್ರೆಮರ್‌ಹಾಫೆನ್ ನಗರದ ಕಥೆ ಬೇರೆ. ಹಡಗು ಕಟ್ಟುವ ಉದ್ಯಮ ಕುಸಿದಾಗ ಆ ಊರು ಗಾಳಿಯಂತ್ರಗಳ ಮೇಲೆ ಬಹುವಾಗಿ ಭರವಸೆಯಿರಿಸಿತು. ಕಾರ್ಖಾನೆಗಳು ಬಂದುವು, ಗಾಳಿಯಂತ್ರಗಳಿಗೆಂದೇ ಪ್ರತ್ಯೇಕ ಧಕ್ಕೆಯ ಯೋಜನೆ ಸಿದ್ಧವಾಯಿತು. ಆದರೆ ಪರಿಸರವಾದಿಗಳ ಆಕ್ಷೇಪದಿಂದ ಅದು ನ್ಯಾಯಾಲಯವನ್ನು ಕಂಡಿತು. ವ್ಯಾಜ್ಯ ನಡೆಯುತ್ತಿರುವಾಗಲೇ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಧಕ್ಕೆ ಕಾಗದದ ಮೇಲೆಯೇ ಉಳಿಯಿತು. ಒಂದು ಬಂದರು ಹಲವು ಕೆಲಸಗಳನ್ನು ನಂಬಿತು, ಇನ್ನೊಂದು ಊರು ಒಂದೇ ಕೆಲಸಕ್ಕಾಗಿ ಕಾದಿತು. ಕುದುರೆಮುಖವನ್ನು ಬಲ್ಲವರಿಗೆ ಈ ಅಂತರ ಹೊಸದಲ್ಲ.

ಋತುಮಾನದ ಲೆಕ್ಕ

ಪಶ್ಚಿಮ ಕರಾವಳಿಗೆ ವಿಶಿಷ್ಟವಾದ ಇನ್ನೊಂದು ಸಂಗತಿಯನ್ನು ಯೋಜಕರು ಅವಶ್ಯವಾಗಿ ಗಣಿಸಬೇಕು. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ಯಂತ್ರಗಳನ್ನು ನಿಲ್ಲಿಸುವ ಕೆಲಸ ಅಸಾಧ್ಯ. ಆ ಕೆಲಸಕ್ಕೆ ಅಕ್ಟೋಬರಿನಿಂದ ಮೇ ತಿಂಗಳಿನವರೆಗೆ ಮಾತ್ರ ಅವಕಾಶ. ಆದರೆ ಅದೇ ಮೀನುಗಾರಿಕೆಯ ಕಾಲ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಉಳಿದ ತಿಂಗಳುಗಳ ದುಡಿಮೆಯಿಂದಲೇ ಆ ಕುಟುಂಬಗಳ ವರ್ಷ ಸಾಗಬೇಕು. ಅದೇ ಅವಧಿಯಲ್ಲಿ ಕಾಫಿಯ ಕೊಯ್ಲು, ಸಂಸ್ಕರಣೆ, ಸಾಗಾಟಗಳೂ ನಡೆಯುತ್ತವೆ. ಅಂದರೆ ಮೀನುಗಾರನ ದೋಣಿ, ಬೆಳೆಗಾರನ ಲಾರಿ ಮತ್ತು ಗಾಳಿಯಂತ್ರದ ಹಡಗು ಈ ಮೂರಕ್ಕೂ ವರ್ಷದ ಒಂದೇ ಭಾಗದಲ್ಲಿ ಬಂದರು ಬೇಕಾಗುತ್ತದೆ. ಯುರೋಪಿನ ಮಾದರಿಯನ್ನು ಹಾಗೆಯೇ ಎತ್ತಿ ಇಲ್ಲಿ ನೆಟ್ಟರೆ ಈ ಇಕ್ಕಟ್ಟು ಕಾಗದದ ಮೇಲೆ ಕಾಣುವುದಿಲ್ಲ; ಕೆಲಸ ಪ್ರಾರಂಭವಾದ ಮೊದಲ ಡಿಸೆಂಬರಿನಲ್ಲಿಯೇ ಕಾಣುತ್ತದೆ.

ಹೊನ್ನಾವರದ ಕಾಸರಕೋಡಿನಲ್ಲಿ ಮತ್ತು ಅಂಕೋಲೆಯ ಕೇಣಿಯಲ್ಲಿ ಬಂದರು ಯೋಜನೆಗಳಿಗೆ ಮೀನುಗಾರರು ಒಡ್ಡಿದ ಪ್ರತಿಭಟನೆಯನ್ನು ಕೇವಲ ಹಟವೆಂದು ತಳ್ಳಿಹಾಕುವವರುಂಟು. ಯೋಜನೆಯ ನಕ್ಷೆ ಸಿದ್ಧವಾದ ಮೇಲೆ ಅಭಿಪ್ರಾಯ ಕೇಳುವ ಕ್ರಮವೇ ಹಟವನ್ನು ಹುಟ್ಟಿಸುತ್ತದೆಂಬುದನ್ನು ಅವರು ಮರೆಯುತ್ತಾರೆ. ಮಂಗಳೂರಿನ ಅಳಿವೆಯ ಬಾಯಿಗೆ ಗೋಡೆಗಳನ್ನು ಕಟ್ಟಿದ ಬಳಿಕ ಉಳ್ಳಾಲದ ತೀರದಲ್ಲಿ ಕಡಲ್ಕೊರೆತ ತೀವ್ರಗೊಂಡು ಮನೆಗಳು ಕುಸಿದುದನ್ನು ಆ ಕರಾವಳಿಯ ಪ್ರತಿಯೊಬ್ಬನೂ ಬಲ್ಲನು. ಕಡಲು ಒಂದು ಕಡೆ ತಡೆದ ಮರಳನ್ನು ಇನ್ನೊಂದು ಕಡೆಯಿಂದ ಒಯ್ಯುತ್ತದೆ. ಆಗ ಕೊರೆತವನ್ನು ತಡೆಯಲು ಲಾರಿಗಟ್ಟಲೆ ಬಂಡೆಗಳು ಬೇಕಾಗುತ್ತವೆ. ಆ ಬಂಡೆಗಳು ಯಾವುದೋ ಗುಡ್ಡವನ್ನು ಒಡೆದೇ ಬರಬೇಕು.

ಘಟ್ಟವನ್ನೇರುವ ತಂತಿ

ಇಲ್ಲಿಯೇ ವಿಚಾರವು ಮತ್ತೆ ಕಾಫಿಯ ಬೆಟ್ಟಗಳಿಗೆ ಬರುತ್ತದೆ. ಕಡಲಿನ ಮೇಲೆ ಉತ್ಪನ್ನವಾದ ವಿದ್ಯುತ್ತು ಕರಾವಳಿಯಲ್ಲಿಯೇ ಪೂರ್ತಿ ಖರ್ಚಾಗುವುದಿಲ್ಲ. ಅದು ಬೆಂಗಳೂರಿನ ಕಡೆಗೆ, ಬಯಲುಸೀಮೆಯ ಕಡೆಗೆ ಹೋಗಬೇಕು. ಹೋಗಬೇಕಾದರೆ ಘಟ್ಟವನ್ನು ಏರಬೇಕು. ಉಡುಪಿ ಜಿಲ್ಲೆಯ ನಂದಿಕೂರಿನ ಉಷ್ಣ ವಿದ್ಯುತ್ ಸ್ಥಾವರದಿಂದ ಹಾಸನದ ಶಾಂತಿಗ್ರಾಮಕ್ಕೆ ಹೋಗುವ 400 ಕಿಲೋವೋಲ್ಟ್ ಮಾರ್ಗವು ಹೀಗೆಯೇ ಕಾಡು ತೋಟಗಳನ್ನು ಸೀಳಿಕೊಂಡು ಘಟ್ಟವನ್ನು ದಾಟಿದೆ. ಇಂಥ ಮಾರ್ಗದ ಕೆಳಗೆ ನೆರಳಿನ ಮರಗಳನ್ನು ಎತ್ತರಕ್ಕೆ ಬೆಳೆಸುವಂತಿಲ್ಲ. ನೆರಳಿಲ್ಲದ ಅರೇಬಿಕಾ ಬಹುಕಾಲ ಬಾಳುವುದಿಲ್ಲ. ಕಡಲ ಗಾಳಿಯ ಯೋಜನೆಯಲ್ಲಿ ಧಕ್ಕೆಯ ನಕ್ಷೆಯೊಂದನ್ನೇ ಎಳೆದು, ತಂತಿಯ ದಾರಿಯನ್ನು ಮುಂದಿನವರ ಪಾಲಿಗೆ ಬಿಟ್ಟರೆ, ಕುದುರೆಮುಖದಲ್ಲಿ ನಡೆದ ತಪ್ಪು ಬೇರೊಂದು ವೇಷದಲ್ಲಿ ಮರಳಿ ಬಂದೀತು.

ಘಟ್ಟವು ಎಷ್ಟು ಭಾರವನ್ನು ತಾಳಬಲ್ಲುದೆಂಬುದಕ್ಕೆ 2019ರ ಆಗಸ್ಟ್ ಸಾಕ್ಷಿ. ಆ ಮಳೆಗೆ ಮೂಡಿಗೆರೆಯ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡಗಳು ಕುಸಿದು ತೋಟ ಗದ್ದೆಗಳು ಮಣ್ಣಿನಡಿ ಸೇರಿದುವು. ಚಾರ್ಮಾಡಿಯ ಹೆದ್ದಾರಿ ಹಲವು ಕಡೆ ಜರಿದು, ಭಾರಿ ವಾಹನಗಳಿಗೆ ಬಹುಕಾಲ ಮುಚ್ಚಿತು. ಬಂದರಿಗೂ ಘಟ್ಟದ ಮೇಲಿನ ನಾಡಿಗೂ ನಡುವಣ ರೈಲು ಮಾರ್ಗದ ಚರಿತ್ರೆಯೂ ಯೋಚಿಸತಕ್ಕದ್ದೇ. ಬಂದರು ಉದ್ಘಾಟನೆಯಾದ ನಾಲ್ಕು ವರ್ಷಗಳ ಬಳಿಕ, 1979ರಲ್ಲಿ, ಹಾಸನ ಮಂಗಳೂರು ಮೀಟರ್‌ಗೇಜ್ ಮಾರ್ಗ ತೆರೆಯಿತು. ಸಕಲೇಶಪುರ ಸುಬ್ರಹ್ಮಣ್ಯಗಳ ನಡುವೆ 57 ಸುರಂಗಗಳನ್ನು ಹೊಕ್ಕು ಹೊರಡುವ ಆ ಮಾರ್ಗವನ್ನು ಅಗಲಗೊಳಿಸಲು ಮುಚ್ಚಿದ ಮೇಲೆ ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರಲ್ಲಿ. ಬಂದರು ಮತ್ತು ದಾರಿ ಬೇರೆಬೇರೆ ಇಲಾಖೆಗಳ ಬೇರೆಬೇರೆ ಕಡತಗಳಾದಾಗ ಆಗುವ ನಷ್ಟಕ್ಕೆ ಬೇರೆ ನಿದರ್ಶನ ಬೇಕೆ?

ಇಷ್ಟಾದರೂ ಕಡಲ ಗಾಳಿಯಿಂದ ಮಲೆನಾಡಿಗೆ ಪ್ರಯೋಜನವೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಮುಂಗಾರಿನಲ್ಲಿ ಮೋಡ ಕವಿದು ಸೌರಶಕ್ತಿ ಕುಗ್ಗುವಾಗ ಕಡಲ ಗಾಳಿ ಹೆಚ್ಚುತ್ತದೆ. ಆಗ ಗಾಳಿಯ ವಿದ್ಯುತ್ತು ಬಳಕೆಗೆ ಬಂದರೆ ಲಿಂಗನಮಕ್ಕಿಯಂಥ ಜಲಾಶಯಗಳ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು. ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಕೈಕೊಟ್ಟು, ರೊಬಸ್ಟಾ ತೋಟಗಳಿಗೆ ಸ್ಪ್ರಿಂಕ್ಲರ್ ಹಾಯಿಸಲು ಪಂಪುಗಳು ಒಟ್ಟಿಗೆ ಓಡಬೇಕಾದಾಗ ಕಡಲ ಗಾಳಿ ಮಂದವಾಗಿರುತ್ತದೆ ನಿಜ. ಆದರೆ ಅದು ಮಳೆಗಾಲದಲ್ಲಿ ಉಳಿಸಿಕೊಟ್ಟ ನೀರು ಆಗ ವಿದ್ಯುತ್ತಾಗಿ ಒದಗೀತು. ಇದಕ್ಕಿಂತ ಮುಖ್ಯವಾಗಿ, ಬೆಟ್ಟವನ್ನು ಅಗೆಯದೆ, ಹೊಳೆಯನ್ನು ಕಟ್ಟದೆ ದೊರೆಯುವ ಶಕ್ತಿಯನ್ನು ಸ್ವಾಗತಿಸಲು ಮಲೆನಾಡಿಗೆ ಬೇರೆಲ್ಲರಿಗಿಂತ ಹೆಚ್ಚಿನ ಕಾರಣವಿದೆ.

ಆಗಬೇಕಾದುದೇನು?

ಮೇಲಿನ ವಿವೇಚನೆಯಿಂದ ನಾಲ್ಕು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗಾಳಿಯಂತ್ರಗಳಿಗೆಂದೇ ಮೀಸಲಾದ ಧಕ್ಕೆಯನ್ನು ಕೆಲಸ ಗೊತ್ತಾಗುವ ಮೊದಲೇ ಕಟ್ಟಬಾರದು. ಬಂದರಿಲ್ಲದೆ ಯಂತ್ರ ಬಾರದು, ಯಂತ್ರ ಬಾರದೆ ಬಂದರು ಕಟ್ಟಲಾಗದು ಎಂಬ ತೊಡಕು ನಿಜವಾದುದೇ. ಅದಕ್ಕೆ ಪರಿಹಾರವೂ ಇದೆ. ಹೇಗಿದ್ದರೂ ನವೀಕರಿಸಬೇಕಾದ ಹಳೆಯ ಧಕ್ಕೆಯನ್ನು ಹೆಚ್ಚು ಭಾರಕ್ಕೆ ತಾಳುವಂತೆ ಕಟ್ಟುವುದು. ಅದರ ಹಿಂದಿನ ಬಯಲನ್ನು ಗೋದಾಮುಗಳಿಂದ ತುಂಬದೆ ತೆರವಾಗಿಡುವುದು. ಗಾಳಿಯಂತ್ರ ಬಂದರೆ ಅದು ಒದಗುತ್ತದೆ; ಬಾರದಿದ್ದರೆ ಬೇರೆ ಭಾರಿ ಸರಕಿಗೆ ಒದಗುತ್ತದೆ.

ಎರಡನೆಯದಾಗಿ, ಮುಕ್ತಾಯದ ಲೆಕ್ಕವನ್ನು ಪ್ರಾರಂಭದಲ್ಲಿಯೇ ಬರೆಯಬೇಕು. ವಿಂಡೆಬಿಯ ಯಂತ್ರಗಳನ್ನು 2017ರಲ್ಲಿ ಕಳಚಿ ತೆಗೆಯಲಾಯಿತು. ಭಾರತದ ಕಡಲಿನಲ್ಲಿ ನಿಲ್ಲುವ ಯಂತ್ರಗಳಿಗೂ ಆ ದಿನ ಬಂದೇ ಬರುತ್ತದೆ. ಕಳಚುವ ವೆಚ್ಚಕ್ಕೆ ಮೊದಲ ವರ್ಷದಿಂದಲೇ ಹಣ ಕೂಡಿಡಬೇಕು. ಆ ಹಣ ಕಂಪನಿಯ ಕೈಯಲ್ಲಿರದೆ, ಕಂಪನಿ ಮುಳುಗಿದರೂ ಮುಳುಗದ ಸ್ಥಳದಲ್ಲಿರಬೇಕು. ಲಕ್ಯಾ ಅಣೆಕಟ್ಟನ್ನು ಕಂಡವರಿಗೆ ಇದರ ಅಗತ್ಯವನ್ನು ಮತ್ತೆ ಹೇಳಬೇಕಾಗಿಲ್ಲ.

ಮೂರನೆಯದಾಗಿ, ಧಕ್ಕೆ, ರಸ್ತೆ, ರೈಲು, ತಂತಿ ಇವು ಒಂದೇ ನಕ್ಷೆಯಲ್ಲಿರಬೇಕು. ಘಟ್ಟದಲ್ಲಿ ಹೊಸ ಹೊಸ ದಾರಿಗಳನ್ನು ಕಡಿಯದೆ, ಇರುವ ಮಾರ್ಗಗಳಲ್ಲಿಯೇ ಹೆಚ್ಚಿನ ಸಾಮರ್ಥ್ಯದ ತಂತಿಯನ್ನು ಎಳೆಯುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ವೆಚ್ಚ ಹೆಚ್ಚೆಂಬ ಕಾರಣದಿಂದ ಅದನ್ನು ತಳ್ಳಿಹಾಕುವವರು, ಕುಸಿದ ಗುಡ್ಡವನ್ನು ವರ್ಷವರ್ಷವೂ ಸರಿಪಡಿಸುವ ವೆಚ್ಚವನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಬೇಕು.

ನಾಲ್ಕನೆಯದಾಗಿ, ಎರಡೂ ತುದಿಗಳ ಜನರಿಗೆ ಯೋಜನೆಯ ಮೊದಲ ಸಭೆಯಲ್ಲಿಯೇ ಸ್ಥಾನ ದೊರೆಯಬೇಕು. ಯಾವ ತಿಂಗಳಿನಲ್ಲಿ ಯಾವ ನೀರಿನಲ್ಲಿ ಮೀನಿರುತ್ತದೆಂಬುದನ್ನು ಮೀನುಗಾರನೂ, ಯಾವ ಗುಡ್ಡದಲ್ಲಿ ಮಳೆಗಾಲದ ಒರತೆ ಎಲ್ಲಿ ಒಡೆಯುತ್ತದೆಂಬುದನ್ನು ತೋಟದ ಕಾರ್ಮಿಕನೂ ಬಲ್ಲನು. ಈ ತಿಳಿವಳಿಕೆ ಯಾವ ಇಲಾಖೆಯ ಕಡತದಲ್ಲಿಯೂ ಪೂರ್ತಿಯಾಗಿ ದೊರೆಯುವುದಿಲ್ಲ.

ಇಂಥ ಸಂಸ್ಥೆಯ ಹಿತೈಷಿಗಳಿಗೆ ಈ ಮಾತುಗಳು ಅಪರಿಚಿತವಾಗಲಾರವು. ಶಾಲೆಗೊಂದು ಕೊಠಡಿ ಕಟ್ಟಿಸಿಕೊಡಲು ಮುಂದೆ ಬರುವ ವಿವೇಕಿಯಾದ ದಾನಿಯು ಗೋಡೆಯ ಮೇಲೆ ತನ್ನ ಹೆಸರಿನ ಕಲ್ಲು ಎಲ್ಲಿರಬೇಕೆಂದು ಕೇಳುವ ಮೊದಲು, ಮಳೆಗಾಲದಲ್ಲಿ ಹಂಚು ಒಡೆದರೆ ಬದಲಿಸುವವರು ಯಾರು, ಮಕ್ಕಳ ಸಂಖ್ಯೆ ಇಳಿದರೆ ಕೊಠಡಿಯನ್ನು ಬೇರಾವ ಉಪಯೋಗಕ್ಕೆ ತರಬಹುದು ಎಂದು ವಿಚಾರಿಸುತ್ತಾನೆ. ಸಾವಿರಾರು ಕೋಟಿ ರೂಪಾಯಿಗಳ ಬಂದರಿಗೂ ಕೇಳಬೇಕಾದ ಪ್ರಶ್ನೆಗಳು ಇವೇ. ಅಧ್ಯಾಪಕರು ಭೂಗೋಳದ ಪಾಠದಲ್ಲಿ ನವಮಂಗಳೂರು ಬಂದರಿನ ರಫ್ತು ಆಮದುಗಳ ಪಟ್ಟಿಯನ್ನು ಬರೆಸುವಾಗ, ಆ ಪಟ್ಟಿಯಲ್ಲಿ ಒಂದು ಕಾಲಕ್ಕೆ ಮೊದಲ ಸಾಲಿನಲ್ಲಿದ್ದ ಕುದುರೆಮುಖದ ಅದಿರು ಈಗ ಏಕಿಲ್ಲ ಎಂಬುದನ್ನೂ ಹೇಳಿಕೊಡಲಿ. ಈ ಬೆಟ್ಟಗಳ ಶಾಲೆಗಳಲ್ಲಿ ಕಲಿತು ಎಂಜಿನಿಯರುಗಳೂ ಅಧಿಕಾರಿಗಳೂ ಆಗಿ ದೂರದೂರದ ಕಚೇರಿಗಳಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರ ಮೇಜಿನ ಮೇಲೆ ಮುಂದೊಂದು ದಿನ ಇಂಥ ನಕ್ಷೆ ಬರಬಹುದು. ಅಂದು ಅವರು ಸಹಿ ಹಾಕುವ ಮೊದಲು ಭದ್ರೆಯ ದಡದ ಆ ಬರಿದಾದ ಊರನ್ನು ಒಂದು ಕ್ಷಣ ನೆನೆದರೆ, ಇಲ್ಲಿಯ ಶಿಕ್ಷಣ ಸಾರ್ಥಕವಾಯಿತೆಂದು ತಿಳಿಯಬಹುದು.